ಹದಿನಾರರ ಲೆಕ್ಕ

ನಮ್ಮ ಮನೆಯ ಕೋವಿಗೆ ತೋಟಾ ಸಿಗುತ್ತಿರಲಿಲ್ಲ. ಕೊಪ್ಪ ತಾಲ್ಲೂಕಿನ ನಮ್ಮೂರಿನಲ್ಲಿ ಆಗ ಕೋವಿ ಇದ್ದ ಮನೆಗಳು ಏಳೆಂಟು. ಎಲ್ಲವೂ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವು. ಒಂದೆರಡು ಕೇಪಿನ ಕೋವಿಗಳನ್ನು ಬಿಟ್ಟರೆ ಉಳಿದವೆಲ್ಲ ಹನ್ನೆರಡು ಬೋರಿನ ತೋಟಾ ಕೋವಿಗಳು. ನಮ್ಮದೊಂದೇ ಹದಿನಾರು. ಹನ್ನೆರಡರ ತೋಟಾ ಬೇಕಾದರೆ ಜಿಲ್ಲಾ ಕೇಂದ್ರದ ಅಂಗಡಿಗೆ ಹೋಗಿ, ಪರವಾನಗಿ ಪುಸ್ತಕದಲ್ಲಿ ಬರೆಸಿಕೊಂಡು ತರಬಹುದಿತ್ತು. ಹದಿನಾರರದ್ದು ಕೇಳಿದರೆ ಅಂಗಡಿಯವರು "ಬಂದ್ರೆ ಕಾಗದ ಹಾಕ್ತೀವಿ ಗೌಡ್ರೇ" ಎನ್ನುತ್ತಿದ್ದರು. ಕಾಗದ ಬರುತ್ತಿದ್ದದ್ದು ಎರಡು ಮೂರು ವರ್ಷಕ್ಕೊಮ್ಮೆ.

ಆ ಕೋವಿಯನ್ನು ಮನೆಗೆ ತಂದವರು ಅಜ್ಜ. ನಲವತ್ತರ ದಶಕದಲ್ಲಿ, ಸ್ವದೇಶಕ್ಕೆ ಗಂಟು ಕಟ್ಟುತ್ತಿದ್ದ ಯಾರೋ ಕಾಫಿ ತೋಟದ ದೊರೆಯಿಂದ, ಅವನ ರೈಟರ ಮುಖಾಂತರ. ಎಷ್ಟು ರೂಪಾಯಿಗೆ ಎಂಬುದು ಹೇಳುವವರು ಯಾರು, ಕೇಳುವವರು ಯಾರು ಎನ್ನುವುದರ ಮೇಲೆ ಬದಲಾಗುತ್ತಿತ್ತು. ಜೋಡಿ ನಳಿಗೆ, ಪಕ್ಕಪಕ್ಕ. ನಳಿಗೆಯ ಹಿಂದೆ ಆಡಿನ ಕಿವಿಯ ಹಾಗೆ ಎದ್ದು ನಿಂತ ಎರಡು ಕುದುರೆಗಳು. ಈಡು ಹೊಡೆಯುವ ಮುನ್ನ ಅವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಆಯುಧಪೂಜೆಯ ಹಿಂದಿನ ದಿನ ಅಪ್ಪಯ್ಯ ಅದನ್ನು ಬಿಚ್ಚಿ, ಹಳೆಯ ಪಂಚೆ ಹರಿದ ಬಟ್ಟೆಯ ಮೇಲೆ ಹರವಿ, ಎಣ್ಣೆ ಹಾಕಿ ಒರೆಸುವಾಗ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ನಳಿಗೆಯನ್ನು ಮಗುಚಿದರೆ ತಳದಲ್ಲಿ ಇರುವೆ ಸಾಲಿನಂಥ ಮುದ್ರೆಗಳು: ಕಿರೀಟಗಳು, ಅಕ್ಷರಗಳು, ಮತ್ತು ಒಂದು ವಜ್ರಾಕೃತಿಯೊಳಗೆ 16 ಎಂಬ ಅಂಕಿ, ಅದರ ಕೆಳಗೆ ಇಂಗ್ಲಿಷಿನ ಸಿ ಅಕ್ಷರ. ಇಂಗ್ಲೆಂಡಿನಲ್ಲಿ ಪ್ರತಿಯೊಂದು ನಳಿಗೆಯನ್ನೂ ಮಾರಾಟಕ್ಕೆ ಮುನ್ನ ಹೆಚ್ಚಿನ ಮದ್ದು ತುಂಬಿ ಹೊಡೆದು ಪರೀಕ್ಷಿಸಿ ಈ ಮುದ್ರೆ ಒತ್ತುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಆಗ ನನಗೆ ಅದು ನಮ್ಮ ಮನೆತನದ ಗುರುತು ಅನ್ನಿಸಿತ್ತು.

ಮೇಲಿನಮನೆ ದೊಡ್ಡಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದರು: "ಇದನ್ನ ಕೊಟ್ಟು ಒಂದು ಹನ್ನೆರಡು ತಗಳೋ ಮಾರಾಯ. ತೋಟಾ ಸಿಗದ ಕೋವಿಗಿಂತ ದೊಣ್ಣೆ ವಾಸಿ."

"ಹನ್ನೆರಡು ತಂದ್ರೆ ನಿಮಗೆ ದಿನಾ ತೋಟಾ ಸಾಲ ಕೊಡ್ಬೇಕಾಗ್ತದೆ ಅಣ್ಣಯ್ಯ" ಎಂದು ಅಪ್ಪಯ್ಯ ನಗಿಸಿಬಿಡುತ್ತಿದ್ದರು. ನಮ್ಮಿಂದ ಸಾಲ ಕೇಳುವವರಿರಲಿಲ್ಲ ನಿಜ, ನಾವು ಕೇಳಿದರೂ ಕೊಡುವವರಿರಲಿಲ್ಲ. ಒಮ್ಮೆ ನಾನೇ ಕೇಳಿದಾಗ ಮಾತ್ರ ನಗದೆ ಉತ್ತರಿಸಿದ್ದರು: "ಸಿಗಲ್ಲ ಅಂತ ಗೊತ್ತಿದ್ರೆ ಹೊಡೆಯೋಕೆ ಮೊದಲು ಯೋಚ್ನೆ ಮಾಡ್ತೀವಿ. ಸಿಗ್ತದೆ ಅಂದ್ರೆ ಕೈ ಮುಂದೆ, ತಲೆ ಹಿಂದೆ."

ತೋಟಾಗಳ ಲೆಕ್ಕವನ್ನು ಅವರು ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಿಂದ ಬರೆಯುತ್ತಿದ್ದರು. ತಾರೀಕು, ಜಮಾ, ಖರ್ಚು, ಉಳಿಕೆ, ಬಾಬ್ತು ಎಂದು ಐದು ಅಂಕಣ. ಬಾಬ್ತಿನಲ್ಲಿ "ಹಂದಿ, ಕೆಳಗಿನ ಗದ್ದೆ, ಗಾಳಿಗೆ" ಅಥವಾ "ಮಂಗ, ಬೆದರಿಕೆಗೆ" ಎಂದು ಒಂದು ಸಾಲು. ಗಾಳಿಗೆ ಎಂದು ಬರೆದದ್ದೆಲ್ಲ ಗಾಳಿಗೇ ಹೋಯಿತೆಂದು ಆಡಿಟರಾಗಿ ನಾನು ಪ್ರಮಾಣಪತ್ರ ಕೊಡಲಾರೆ. ಆದರೆ ನಾನು ಕಂಡ ಮೊದಲ ಸ್ಟಾಕ್ ರಿಜಿಸ್ಟರ್ ಅದೇ. ಮುಂದೆ ಶಿವಮೊಗ್ಗದಲ್ಲಿ ಬಿ.ಕಾಂ. ಓದುವಾಗ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್‌ಗೆಂದು ಕಾರ್ಖಾನೆಗಳ ಗೋದಾಮುಗಳಲ್ಲಿ ಬೋಲ್ಟು ನಟ್ಟು ಎಣಿಸುವಾಗ, ಅಪ್ಪಯ್ಯನ ಐದು ಅಂಕಣಕ್ಕಿಂತ ಹೆಚ್ಚಿನದೇನನ್ನೂ ಕಲಿತ ಹಾಗೆ ಅನ್ನಿಸಲಿಲ್ಲ.

ಬ್ರಿಟಿಷರು ಬೋರ್ ಎಂದೂ ಅಮೆರಿಕದವರು ಗೇಜ್ ಎಂದೂ ಕರೆಯುವ ಈ ಸಂಖ್ಯೆಯೇ ಒಂದು ಲೆಕ್ಕ. ಒಂದು ಪೌಂಡ್ ಸೀಸ ಕರಗಿಸಿ, ನಳಿಗೆಯೊಳಗೆ ಸರಿಯಾಗಿ ಕೂರುವಂಥ ಗುಂಡುಗಳನ್ನು ಎರಕ ಹೊಯ್ದರೆ ಎಷ್ಟಾಗುತ್ತವೋ ಅದೇ ಬೋರ್. ಹನ್ನೆರಡು ಗುಂಡಾದರೆ ಹನ್ನೆರಡು, ಹದಿನಾರಾದರೆ ಹದಿನಾರು. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಹನ್ನೆರಡರ ಒಳವ್ಯಾಸ 18.5 ಮಿಲಿಮೀಟರ್, ಹದಿನಾರರದ್ದು 16.8, ಇಪ್ಪತ್ತರದ್ದು 15.6. ಪೌಂಡಿಗೆ 16 ಔನ್ಸ್ ಆದ್ದರಿಂದ ಹದಿನಾರು ಬೋರಿನ ಒಂದು ಗುಂಡಿನ ತೂಕ ಸರಿಯಾಗಿ ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ. ಹನ್ನೆರಡು, ಇಪ್ಪತ್ತರಲ್ಲಿ ಭಾಗಾಕಾರ ಮಾಡಿದರೆ ಶೇಷ ಉಳಿಯುತ್ತದೆ, ಇಲ್ಲಿ ಉಳಿಯುವುದಿಲ್ಲ. ಒಂದು ಔನ್ಸ್ ಚರೆ ಹದಿನಾರರ ತೋಟಾದಲ್ಲಿ ಉದ್ದ ಅಗಲ ಹದವಾಗಿ ಕೂರುತ್ತದೆ, ಆದ್ದರಿಂದಲೇ ಗುರಿಯ ಮೇಲೆ ಸಮನಾಗಿ ಹರಡುತ್ತದೆ ಎಂದು ಹದಿನಾರಿನ ಭಕ್ತರು ವಾದಿಸುತ್ತಾರೆ. ಭಕ್ತರ ಮಾತಿಗೆ ವೋಚರ್ ಕೇಳಬಾರದು.

ನಾನು ಅಮೆರಿಕಕ್ಕೆ ಬಂದದ್ದು 2006ರಲ್ಲಿ, ಎಚ್-1ಬಿ ವೀಸಾದ ಮೇಲೆ, ಫಿಲಡೆಲ್ಫಿಯಾದ ಆಚೆಗಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ. ನಲವತ್ತು ಮೈಲಿ ಹೋದರೆ ಜೋಳದ ಹೊಲ, ಹಸುವಿನ ಕೊಟ್ಟಿಗೆ, ನವೆಂಬರ್ ಕೊನೆಗೆ ಜಿಂಕೆಯ ಬೇಟೆಗೆಂದು ರಜೆ ಹಾಕುವ ಸಹೋದ್ಯೋಗಿಗಳು. ಅವರಲ್ಲಿ ಒಬ್ಬ ನನ್ನನ್ನು ಮೊದಲ ಸಲ ಟ್ರ್ಯಾಪ್ ಮೈದಾನಕ್ಕೆ ಕರೆದೊಯ್ದ. ನೆಲದೊಳಗಿನ ಯಂತ್ರವೊಂದು ಕಿತ್ತಳೆ ಬಣ್ಣದ ಬಿಲ್ಲೆಯನ್ನು ಗಾಳಿಗೆ ಎಸೆಯುತ್ತದೆ, ಹೊಡೆದರೆ ಪುಡಿಯಾಗುತ್ತದೆ, ತಪ್ಪಿದರೆ ಹುಲ್ಲಿನ ಮೇಲೆ ಬೀಳುತ್ತದೆ. ಯಾರ ಪ್ರಾಣವೂ ಹೋಗುವುದಿಲ್ಲ. ಅವನ ಕೋವಿ ಹನ್ನೆರಡು. ಮೊದಲ ಇಪ್ಪತ್ತೈದರಲ್ಲಿ ನಾನು ಒಡೆದದ್ದು ಒಂಬತ್ತು. ಭುಜ ಮೂರು ದಿನ ನೀಲಿಗಟ್ಟಿತ್ತು, ಆದರೆ ಮದ್ದಿನ ವಾಸನೆ ಮೂಗಿಗೆ ಬಿದ್ದಾಗ ನನಗೆ ನೆನಪಾದದ್ದು ಪೆನ್ಸಿಲ್ವೇನಿಯಾ ಅಲ್ಲ.

ಸ್ವಂತಕ್ಕೊಂದು ಕೊಳ್ಳುವ ಆಸೆ ಅಂದೇ ಹುಟ್ಟಿದರೂ ಹತ್ತು ವರ್ಷ ಕೊಳ್ಳಲಿಲ್ಲ. ವೀಸಾ ಒಂದು ಕಾರಣ. ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಎಚ್-1ಬಿಯವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ದೊಡ್ಡ ಕಾರಣ ಮನೆಯಲ್ಲಿತ್ತು. ನನ್ನ ಮಗ ಎರಡನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಊಟಕ್ಕೆ ಕೂತವನು, ಇವತ್ತು ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇತ್ತು ಎಂದ. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಮಕ್ಕಳೆಲ್ಲ ಮೂಲೆಯಲ್ಲಿ ಗೋಡೆಗೆ ಒರಗಿ ಉಸಿರೆತ್ತದೆ ಕೂರಬೇಕಂತೆ. "ನಾನೇ ಎಲ್ಲರಿಗಿಂತ ಚೆನ್ನಾಗಿ ಸುಮ್ನಿದ್ದೆ ಅಂತ ಮಿಸ್ ಹೇಳಿದ್ರು" ಎಂದು ಹೆಮ್ಮೆಯಿಂದ ಅನ್ನ ಕಲಸಿದ. ನನ್ನ ಹೆಂಡತಿ ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದಳು. ಮೈಸೂರಿನ ಮೇಷ್ಟ್ರ ಮನೆಯ ಹುಡುಗಿ. ಅವರ ಮನೆಯಲ್ಲಿ ಚಾಕು ಕೂಡ ತರಕಾರಿಯದ್ದೊಂದೇ ಇತ್ತು. ಆ ರಾತ್ರಿ ಅವಳು ಹೇಳಿದ್ದು ಒಂದೇ ಮಾತು: "ನಿಮ್ಮೂರಿನ ಕೋವಿ ಬೇರೆ, ಈ ದೇಶದ ಕೋವಿ ಬೇರೆ. ಅದು ಇದು ಒಂದೇ ಅಂತ ಅನ್ಕೋಬೇಡಿ."

ಬೇರೆ ಎಂಬುದು ನನಗೂ ಗೊತ್ತಿತ್ತು. ನಮ್ಮಲ್ಲಿ ಕೋವಿ ಕತ್ತಿ ಗುದ್ದಲಿಯ ಸಾಲಿನ ವಸ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ ಠಾಣೆಗೆ ಠೇವಣಿ ಕೊಟ್ಟು ಬರುತ್ತಿದ್ದರು; ಪಕ್ಕದಲ್ಲಿ ಕೂತವರು ಅದು ಕೋವಿಯೆಂದು ತಿಳಿದೂ ಆಚೆ ಸರಿಯುತ್ತಿರಲಿಲ್ಲ. ಇಲ್ಲಿ ಕೋವಿ ಎಂದರೆ ಒಂದು ಪಕ್ಷ, ಒಂದು ವಾದ, ಟಿ.ವಿ.ಯಲ್ಲಿ ಅಳುವ ತಾಯಂದಿರು. ಕನ್ನಡ ಕೂಟದ ರಾಜ್ಯೋತ್ಸವದ ಊಟದಲ್ಲಿ ಒಮ್ಮೆ ಬಾಯಿ ತಪ್ಪಿ ಟ್ರ್ಯಾಪ್ ಮೈದಾನದ ಸುದ್ದಿ ಎತ್ತಿದೆ. ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಒಂದೊಂದು ಅಡಿ ಜಾಗವಾಯಿತು. ಒಬ್ಬರು ಮಾತ್ರ ಹತ್ತಿರ ಬಂದು "ಯಾವ ಬೋರ್?" ಎಂದು ಕೇಳಿದರು. ನೋಡಿದರೆ ಮಡಿಕೇರಿ ಕಡೆಯವರು. ಕೈಲ್ ಪೊಳ್ದ್‌ಗೆ ಕೋವಿಗೆ ಹೂವಿಡುವ, ಗಂಡು ಮಗು ಹುಟ್ಟಿದರೆ ಒಂದು ಈಡು ಹೊಡೆದು ಊರಿಗೆ ತಿಳಿಸುವ, ಪರವಾನಗಿಯಿಂದಲೇ ವಿನಾಯಿತಿ ಇರುವ ನಾಡಿನವರು. ನಾನು ಹದಿನಾರು ಎಂದೆ. "ಅಯ್ಯೋ, ತೋಟಾ ಎಲ್ಲಿ ಸಿಗ್ತದೆ?" ಎಂದರು. ಆ ಪ್ರಶ್ನೆಯಿಂದ ನನಗೆ ಆದ ಸಂತೋಷ ಅವರಿಗೆ ಅರ್ಥವಾಗಿರಲಾರದು.

2016ರಲ್ಲಿ, ಗ್ರೀನ್ ಕಾರ್ಡ್ ಬಂದ ಮೇಲೆ, ಹೆಂಡತಿಯೊಡನೆ ಮೂರು ವಾರ ಮಾತುಕತೆ ನಡೆಸಿ ಒಪ್ಪಂದಕ್ಕೆ ಬಂದೆ. ಕೋವಿ ನೆಲಮಾಳಿಗೆಯ ಉಕ್ಕಿನ ಪೆಟ್ಟಿಗೆಯಲ್ಲಿ. ಅದರ ಸಂಖ್ಯೆ ಮಗನಿಗೆ ತಿಳಿಯಬಾರದು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಅದರ ಕೀಲಿ ಅವಳ ಹತ್ತಿರ. ಫೋಟೋ ತೆಗೆಸಿಕೊಳ್ಳಬಾರದು. ಮತ್ತು ಎಷ್ಟು ತೋಟಾ ಹೋಯಿತು, ಎಷ್ಟು ಬಂತು ಎಂದು ಬರೆದಿಡಬೇಕು. ಕೊನೆಯ ಷರತ್ತು ಅವಳು ಹಾಕಿದ್ದಲ್ಲ, ನಾನೇ ಸೇರಿಸಿದ್ದು.

ಲ್ಯಾಂಕಾಸ್ಟರ್ ಕಡೆಯ ಹಳೆಯ ಅಂಗಡಿಯಲ್ಲಿ ಹದಿನಾರು ಇದೆಯೇ ಎಂದು ಕೇಳಿದಾಗ ಕೌಂಟರಿನ ಮುದುಕ ಕನ್ನಡಕ ಏರಿಸಿ ನೋಡಿದ. ಪುತ್ತೂರಿನವನೊಬ್ಬ ಎಡಿಸನ್‌ನ ದಿನಸಿ ಅಂಗಡಿಯಲ್ಲಿ ಕನ್ನಡ ಕೇಳಿದಾಗ ತಿರುಗುತ್ತಾನಲ್ಲ, ಹಾಗೆ. ಒಳಗಿನಿಂದ ಅವನು ತಂದದ್ದು ಫಾಕ್ಸ್ ಸ್ಟರ್ಲಿಂಗ್‌ವರ್ಥ್, ಜೋಡಿ ನಳಿಗೆಯದು, 1920ರ ದಶಕದ್ದು. ಫಾಕ್ಸ್ ಕಂಪನಿ ಫಿಲಡೆಲ್ಫಿಯಾದಲ್ಲೇ ಇತ್ತು. ಸ್ಟರ್ಲಿಂಗ್‌ವರ್ಥ್ ಅದರ ಅಗ್ಗದ ಮಾದರಿ. ಕೆತ್ತನೆ ಇಲ್ಲ, ಚಿತ್ತಾರ ಇಲ್ಲ, ಇಂಗ್ಲಿಷ್ ಠೀವಿಯ ಹೆಸರೊಂದೇ ಅಲಂಕಾರ. 1930ರ ಹೊತ್ತಿಗೆ ಕಂಪನಿ ಸ್ಯಾವೇಜ್ ಪಾಲಾಗಿ ನ್ಯೂಯಾರ್ಕ್ ರಾಜ್ಯದ ಯುಟಿಕಾಕ್ಕೆ ಹೋಯಿತು. ನಾನು ದಿನಾ ಕೆಲಸಕ್ಕೆ ಹೋಗುವ ಊರಿನಲ್ಲಿ ನೂರು ವರ್ಷದ ಹಿಂದೆ ಯಾರೋ ಕೈಯಾರೆ ಉಜ್ಜಿ ಕೂರಿಸಿದ ಉಕ್ಕು ಅದು.

ಎತ್ತಿ ಭುಜಕ್ಕೆ ಹಚ್ಚಿದೆ. ಈ ಕೋವಿಗಳಿಗೆ ರೈಫಲ್ಲಿನಂತೆ ಹಿಂದೊಂದು ಮುಂದೊಂದು ಗುರಿಗಣ್ಣು ಇರುವುದಿಲ್ಲ. ನಳಿಗೆಯ ತುದಿಯಲ್ಲೊಂದು ಸಾಸಿವೆ ಕಾಳು, ಅಷ್ಟೆ. ಹಿಂದಿನ ಗುರಿಗಣ್ಣು ಎಂದರೆ ಹೊಡೆಯುವವನ ಕಣ್ಣೇ. ಆದ್ದರಿಂದ ಹಿಂಬದಿಯ ಮರದ ಉದ್ದ, ಅದು ಎಷ್ಟು ಇಳಿಜಾರಾಗಿದೆ ಎಂಬುದು ನಿಮ್ಮ ಕೆನ್ನೆ ಕುತ್ತಿಗೆಗೆ ಹೊಂದಬೇಕು. ಹೊಂದಿದರೆ ನೀವು ನೋಡಿದ ಕಡೆ ಕೋವಿ ನೋಡುತ್ತದೆ. ಇದು ಹೊಂದಿತು. ತೂಕ ಆರು ಪೌಂಡಿನ ಆಸುಪಾಸು, 2.7 ಕಿಲೋ. ಫಾಕ್ಸ್‌ನವರು ಹದಿನಾರನ್ನು ಹನ್ನೆರಡರ ದಪ್ಪ ಚೌಕಟ್ಟಿನ ಮೇಲೆ ಕಟ್ಟದೆ ಇಪ್ಪತ್ತರ ಸಣ್ಣ ಚೌಕಟ್ಟಿನ ಮೇಲೆ ಕಟ್ಟಿದರು. ಹದಿನಾರರ ಗುಣವೆಲ್ಲ ಇರುವುದು ಅಲ್ಲಿ: ಹೊರಲು ಇಪ್ಪತ್ತು, ಹೊಡೆಯಲು ಹನ್ನೆರಡು. ಈಚೆಗೆ ಕೆಲವರು ಹನ್ನೆರಡರ ಚೌಕಟ್ಟಿಗೇ ಹದಿನಾರರ ನಳಿಗೆ ಜೋಡಿಸಿ ಮಾರುತ್ತಾರೆ. ಅಂಥದ್ದಕ್ಕೆ ದುಡ್ಡು ಕೊಡುವುದು ದಂಡ. ಭಾರವೂ ಉಳಿಯಿತು, ತೋಟಾವೂ ಸಿಗದಾಯಿತು.

ಟ್ರಿಗರ್ ಎರಡು. ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಎಡ ನಳಿಗೆಯ ಬಾಯಿ ಕೂದಲೆಳೆಯಷ್ಟು, ಒಂದು ಮಿಲಿಮೀಟರಿಗೂ ಕಡಿಮೆ, ಬಿಗಿಯಾಗಿರುತ್ತದೆ. ಅದಕ್ಕೆ ಚೋಕ್ ಎನ್ನುತ್ತಾರೆ. ಅಷ್ಟರಿಂದಲೇ ಚರೆ ದೂರದವರೆಗೆ ಒತ್ತಾಗಿ ಹೋಗುತ್ತದೆ. ಹತ್ತಿರದ್ದಕ್ಕೆ ಬಲ, ದೂರದ್ದಕ್ಕೆ ಎಡ. ಗುಂಡಿ ಒತ್ತಿ, ಸ್ವಿಚ್ಚು ಸರಿಸಿ ಆರಿಸಬೇಕಿಲ್ಲ, ಬೆರಳೇ ಆರಿಸುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೇಲಿನ ಸನ್ನೆ. ನಳಿಗೆಯನ್ನು ಮುಚ್ಚಿದಾಗ ಅದನ್ನು ಹಿಡಿದಿಡುವ ಚಿಲಕ ತಿರುಗುವ ಬಗೆಯದು. ಸವೆದ ಹಾಗೆಲ್ಲ ಇನ್ನಷ್ಟು ತಿರುಗಿ ಸಡಿಲವನ್ನು ತಾನೇ ತುಂಬಿಕೊಳ್ಳುತ್ತದೆ. ಹೊಸತಿನಲ್ಲಿ ಸನ್ನೆ ನಡುವಿನಿಂದ ಬಲಕ್ಕೆ ವಾಲಿರುತ್ತದೆ, ವರ್ಷಗಳು ಕಳೆದಂತೆ ನಡುವಿಗೆ ಬರುತ್ತದೆ. ನೂರು ವರ್ಷದ ಈ ಕೋವಿಯ ಸನ್ನೆ ಇನ್ನೂ ಬಲಕ್ಕೇ ಇತ್ತು. ಸವಕಳಿಯನ್ನು ತನ್ನ ಮೈಮೇಲೆಯೇ ಬರೆದುಕೊಳ್ಳುವ ಆಸ್ತಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮುದುಕ ಮಾರುವ ಆತುರ ತೋರಲಿಲ್ಲ. 4473 ನಮೂನೆ ತುಂಬಿಸುವ ಮೊದಲು ತೋಟಾ ಕೂರುವ ಕೋಣೆಯನ್ನು ಅಳೆದು ತೋರಿಸಿದ. ಎರಡೂವರೆ ಇಂಚಿಗೂ ಚೂರು ಕಡಿಮೆ. ಇಂದಿನ ತೋಟಾಗಳು ಎರಡೂಮುಕ್ಕಾಲು ಇಂಚು. ಮೋಸವೆಂದರೆ, ಉದ್ದದ ತೋಟಾ ಗಿಡ್ಡ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಏಕೆಂದರೆ ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹೊಡೆಯುವ ಮುನ್ನ ಅದು ಮಡಚಿಕೊಂಡು ಗಿಡ್ಡವಾಗಿರುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. "ಹಳೆಯ ಹದಿನಾರಿಗೆ ಗಿಡ್ಡ ತೋಟಾ, ಮೆದು ಮದ್ದು, ಬೇರೆ ಏನೂ ಬೇಡ" ಎಂದ. ಆ ಗಿಡ್ಡ ತೋಟಾ ಅವನಲ್ಲೂ ಇರಲಿಲ್ಲ, ತರಿಸಬೇಕಿತ್ತು. ಡಬ್ಬಿಗೆ 25, ಹನ್ನೆರಡರ ಎರಡು ಡಬ್ಬಿಯ ಬೆಲೆ.

ಲೆಕ್ಕದ ಕಣ್ಣಿನಿಂದ ನೋಡಿದರೆ ಹದಿನಾರನ್ನು ಸಮರ್ಥಿಸುವುದು ಕಷ್ಟ. ಹನ್ನೆರಡರಲ್ಲೂ ಒಂದು ಔನ್ಸ್ ಚರೆಯ ತೋಟಾ ಸಿಗುತ್ತದೆ, ಅಗ್ಗಕ್ಕೆ ಸಿಗುತ್ತದೆ, ಬಿಲ್ಲೆ ಅಷ್ಟೇ ಪುಡಿಯಾಗುತ್ತದೆ. ಒಂದು ಕಾಲಕ್ಕೆ ಈ ದೇಶದಲ್ಲಿ ಹದಿನಾರು ಹನ್ನೆರಡರ ಬೆನ್ನಿಗೇ ಇತ್ತು. ಬ್ರೌನಿಂಗ್ 1937ರಲ್ಲಿ ಸ್ವೀಟ್ ಸಿಕ್ಸ್‌ಟೀನ್ ಎಂಬ ಮುದ್ದು ಹೆಸರಿನಲ್ಲಿ ಹಗುರವಾದದ್ದೊಂದನ್ನು ತಂದಿತು. ಅದನ್ನು ಕೊಂದದ್ದು ಸ್ಕೀಟ್ ಎಂಬ ಆಟ ಎನ್ನುವವರಿದ್ದಾರೆ. 1920ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಆ ಆಟದ ಸ್ಪರ್ಧೆಗಳನ್ನು ಹನ್ನೆರಡು, ಇಪ್ಪತ್ತು, ಇಪ್ಪತ್ತೆಂಟು, 410 ಎಂದು ವಿಂಗಡಿಸಿದರು. ಹದಿನಾರಿಗೆ ಅಂಕಣವೇ ಇಡಲಿಲ್ಲ. ಆಮೇಲೆ ಮೂರಿಂಚಿನ ತೋಟಾ ಬಂದು ಇಪ್ಪತ್ತಕ್ಕೆ ಬಲ ಬಂತು, ಆಚೆ ಕಡೆಯಿಂದ ಹನ್ನೆರಡು ಹಗುರವಾಯಿತು, ನಡುವಿನದ್ದು ಎರಡೂ ಕಡೆಯಿಂದ ಕರಗಿತು. ಜರ್ಮನಿಯ ಕಡೆ ಮಾತ್ರ ಬೇಟೆಗಾರರ ಮನೆಗಳಲ್ಲಿ, ಎರಡು ಚರೆ ನಳಿಗೆಗೆ ಒಂದು ರೈಫಲ್ ನಳಿಗೆ ಸೇರಿದ ಮುನ್ನಳಿಗೆಯ ಕೋವಿಗಳಲ್ಲಿ, ಹದಿನಾರು ಉಳಿದುಕೊಂಡಿದೆ. ನಮೂನೆಯಲ್ಲಿ ಅಂಕಣವಿಲ್ಲದ್ದು ಕಾಲಕ್ರಮೇಣ ಜಗತ್ತಿನಲ್ಲೂ ಇಲ್ಲವಾಗುವುದನ್ನು ಅಕೌಂಟೆಂಟರಾದ ನಾವು ದಿನಾ ಕಾಣುತ್ತೇವೆ. ಕೆಲವು ಸಲ ನಾವೇ ಮಾಡುತ್ತೇವೆ.

ಆ ಕೋವಿ ಕೊಂಡ ದಿನ ಹೆಂಡತಿಗೆ ಹೇಳದೆ ಉಳಿದ ವಿಷಯ ಒಂದಿತ್ತು.

1991ರ ಅಕ್ಟೋಬರ್, ದಸರೆಯ ರಜೆ. ನನಗೆ ಹದಿಮೂರು. ಅಜ್ಜನ ಆಪರೇಷನ್ನಿಗೆಂದು ಅಪ್ಪಯ್ಯ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಅಮ್ಮ, ತಂಗಿ, ನಾನು. ಕೋವಿ ಕೋಣೆಯ ಮೂಲೆಯಲ್ಲಿ, ತೋಟಾ ಮಂಚದ ಕೆಳಗಿನ ಟ್ರಂಕಿನಲ್ಲಿ, ಕೀಲಿ ದೇವರ ಗೂಡಿನ ಹಿಂದೆ. ಅಮ್ಮ ಗದ್ದೆಗೆ ಬುತ್ತಿ ಒಯ್ದ ಹೊತ್ತಿಗೆ ನಾನು ಒಂದು ತೋಟಾ ಎತ್ತಿಕೊಂಡು, ಕೋವಿ ಹೆಗಲಿಗೇರಿಸಿ ತೋಟದ ತಲೆಗೆ ಹೋದೆ. ಏನನ್ನು ಹೊಡೆಯಬೇಕೆಂದು ಇರಲಿಲ್ಲ, ಹೊಡೆಯಬೇಕೆಂದಿತ್ತು. ಹಲಸಿನ ಮರದಲ್ಲಿ ಒಂದು ಕೆಂದಳಿಲು ಕೂತಿತ್ತು. ಮಾರುದ್ದದ ಬಾಲ ಕೊಂಬೆಯಿಂದ ಇಳಿಬಿಟ್ಟು, ಎರಡು ಕೈಯಲ್ಲಿ ಏನನ್ನೋ ಹಿಡಿದು ತಿನ್ನುತ್ತಿತ್ತು. ಬಲದ ಕುದುರೆ ಎಳೆದು ನಿಲ್ಲಿಸಿದ್ದು ನೆನಪಿದೆ, ಸದ್ದು ನೆನಪಿಲ್ಲ. ಹತ್ತಿರ ಹೋದಾಗ ಅದರ ಕೈ ಇನ್ನೂ ಮಡಚಿಕೊಂಡೇ ಇತ್ತು, ತಿನ್ನುತ್ತಿದ್ದ ಭಂಗಿಯಲ್ಲೇ.

ಮೆಣಸಿನ ಬಳ್ಳಿಯ ಬುಡದಲ್ಲಿ ಕತ್ತಿಯಿಂದ ಅಗೆದು ಹೂತೆ. ಬಾಲ ಗುಂಡಿಯಲ್ಲಿ ಹಿಡಿಸದೆ ಎರಡು ಸಲ ಅಗೆಯಬೇಕಾಯಿತು. ಖಾಲಿ ತೋಟಾವನ್ನು ಹಳ್ಳಕ್ಕೆ ಎಸೆದೆ. ಕೋವಿಯನ್ನು ಇದ್ದಲ್ಲೇ ಇಟ್ಟೆ, ನಳಿಗೆ ಒರೆಸಬೇಕೆಂದು ಹೊಳೆಯಲಿಲ್ಲ. ಅಮ್ಮ ಕೇಳಿದ್ದಕ್ಕೆ ಮೇಲಿನಮನೆಯವರು ಮಂಗ ಓಡಿಸಿದ್ದು ಎಂದೆ. ಅಪ್ಪಯ್ಯ ಬಂದ ಮೇಲೆ ಒಂದು ವಾರ ಬೆನ್ನು ಬಿಗಿಹಿಡಿದು ಪೆಟ್ಟಿಗೆ ಕಾದೆ. ಬೀಳಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಕೋವಿ ಬಿಚ್ಚಿ ಹರವಿದವರು ಬಟ್ಟೆಯನ್ನು ನನ್ನ ಕಡೆ ಚಾಚಿ "ಈ ಸಲ ನಳಿಗೆ ನೀನೇ ಒರೆಸು" ಎಂದರು. ದೊಡ್ಡವನಾದೆ ಎಂದು ಕೊಟ್ಟ ಮರ್ಯಾದೆ ಎಂದುಕೊಂಡೆ. ಬಟ್ಟೆ ಕಪ್ಪಾಗಿ ಬಂತು. ಅವರು ಅದನ್ನು ಮಡಚಿ ಪಕ್ಕಕ್ಕಿಟ್ಟರು.

ಆಮೇಲೆ ನಾನು ಯಾವ ಪ್ರಾಣಿಯ ಮೇಲೂ ಈಡು ಹೊಡೆದಿಲ್ಲ. ಪೆನ್ಸಿಲ್ವೇನಿಯಾದ ಸಹೋದ್ಯೋಗಿಗಳು ಫೆಸೆಂಟ್ ಹಕ್ಕಿಯ ಬೇಟೆಗೆ ಕರೆದರೆ ನಮ್ಮಲ್ಲಿ ಆ ತಿಂಗಳು ವ್ರತ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಕೋಳಿ ಬೇಯದ ಭಾನುವಾರ ಇಲ್ಲ.

2022ರ ಜನವರಿಯಲ್ಲಿ ಅಪ್ಪಯ್ಯ ಹೋದರು. ಕಾರ್ಯಗಳೆಲ್ಲ ಮುಗಿದು, ಅಮ್ಮ ಶಿವಮೊಗ್ಗದ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನವಾದ ಮೇಲೆ ಕೋವಿಯ ಪ್ರಶ್ನೆ ಬಂತು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಮಾಡಿಸಿಕೊಳ್ಳಬೇಕು, ಇಲ್ಲವೇ ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಬೇಕು. ನಾನು ಇಲ್ಲಿರುವವನಲ್ಲ, ತಂಗಿಯ ಗಂಡ ಅಪಾರ್ಟ್‌ಮೆಂಟಿನವನು, ಕೈಮುಗಿದ. ಒಪ್ಪಿಸುವ ಮೊದಲು ತೋಟಾ ಎಷ್ಟಿವೆ ಎಂದು ತಿಳಿಸಬೇಕಲ್ಲ. ಟ್ರಂಕಿನಿಂದ ನಾಲ್ಕು ತೋಟಾ, ಕಪಾಟಿನಿಂದ ಲೆಕ್ಕದ ಪುಸ್ತಕಗಳು ಹೊರಬಂದವು. ಕೊನೆಯ ಸಾಲಿನ ಉಳಿಕೆಯೂ ನಾಲ್ಕು.

ಒಂದು ಕ್ಷಣ ಅಪ್ಪಯ್ಯನ ಬಗ್ಗೆ ಹೆಮ್ಮೆಯಾಯಿತು. ಮರುಕ್ಷಣ ಹೊಟ್ಟೆಯಲ್ಲಿ ಏನೋ ಕದಲಿತು. ಪುಸ್ತಕ ತಾಳೆಯಾಗಬಾರದಿತ್ತು. ಹಳ್ಳಕ್ಕೆ ಎಸೆದ ಒಂದು ತೋಟಾ ನನ್ನ ಲೆಕ್ಕದಲ್ಲಿದೆ, ಅವರ ಲೆಕ್ಕದಲ್ಲಿ ಇರಲು ಸಾಧ್ಯವಿಲ್ಲ. ಎಲ್ಲೋ ಒಂದು ಕಡಿಮೆ ಬರಲೇಬೇಕು. ವ್ಯತ್ಯಾಸ ಬಂದಾಗ ಹುಡುಕುವುದು ನನ್ನ ಕಸುಬು. ವ್ಯತ್ಯಾಸ ಬಾರದಿದ್ದಾಗ ಹುಡುಕಿದ್ದು ಅದೇ ಮೊದಲು.

1991ರ ಪುಸ್ತಕ ಕೆಳಗಿನ ಖಾನೆಯಲ್ಲಿತ್ತು, ಗೆದ್ದಲು ಮೂಲೆ ತಿಂದಿತ್ತು. ಹಿಂಬದಿಯಿಂದ ತಿರುವಿದೆ. 8-10-91, ಖರ್ಚು 1, ಉಳಿಕೆ 7. ಬಾಬ್ತಿನ ಅಂಕಣದಲ್ಲಿ ಹಂದಿಯಿಲ್ಲ, ಮಂಗವಿಲ್ಲ. ಅಪ್ಪಯ್ಯನ ಗುಂಡು ಗುಂಡಾದ ಅಕ್ಷರದಲ್ಲಿ "ಮನೆ ಖರ್ಚು" ಎಂದಿತ್ತು.

ಅದೇ ಪುಸ್ತಕವನ್ನು ಮುಂಬದಿಯಿಂದ ತೆರೆದೆ. ಅಕ್ಟೋಬರ್ 6ರಿಂದ 10ರವರೆಗೆ ಒಂದೇ ಆವರಣ ಚಿಹ್ನೆ ಹಾಕಿ, ಶಿವಮೊಗ್ಗ ಆಸ್ಪತ್ರೆ, ಔಷಧಿ, ಹೋಟೆಲು, ಬಸ್ ಚಾರ್ಜು ಎಂದು ಬರೆದಿದ್ದರು. ಎಂಟನೆಯ ತಾರೀಕು ಅವರು ಊರಿನಲ್ಲಿ ಇರಲಿಲ್ಲವೆಂದು ಅವರದೇ ಕೈಬರಹ ಹೇಳುತ್ತಿತ್ತು. ಯಾರು ತಾರೀಕು ಹೇಳಿದರೋ; ತೋಟದ ಕೆಲಸದವರಿರಬೇಕು, ಊರಿಗೆಲ್ಲ ಕೇಳಿದ ಸದ್ದು ಅದು. ಬಂದವರು ಎಣಿಸಿದ್ದಾರೆ, ನಳಿಗೆಯ ಒಳಗೆ ನೋಡಿದ್ದಾರೆ, ಬರೆದಿದ್ದಾರೆ. ಬಟ್ಟೆಯನ್ನು ನನ್ನ ಕೈಗೆ ಕೊಟ್ಟಾಗ ಅವರಿಗೆ ಎಲ್ಲ ಗೊತ್ತಿತ್ತು. ಆಮೇಲೆ ಮೂವತ್ತು ವರ್ಷ ಗೊತ್ತಿತ್ತು. ನನ್ನ ಮದುವೆಯಲ್ಲಿ ಗೊತ್ತಿತ್ತು. ಫಾಕ್ಸ್ ಕೊಂಡ ವಾರ ಫೋನು ಮಾಡಿ "ಹದಿನಾರೇ ತಗಂಡೆ ಅಪ್ಪಯ್ಯ" ಎಂದಾಗಲೂ ಗೊತ್ತಿತ್ತು. ಆಗ ಅವರು ಕೇಳಿದ್ದು "ತೋಟಾ ಲೆಕ್ಕ ಇಟ್ಟಿದ್ದೀಯನಾ?" ಎಂದು ಮಾತ್ರ.

ಆ ರಾತ್ರಿ ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಅಳಿಲಿನಿಂದ ಹಿಡಿದು. ಅಲ್ಲಿ ಬೆಳಗಿನ ಹೊತ್ತು, ಕುಕ್ಕರಿನ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು ಅಂದಳು: "ಮಾವ ಅವತ್ತೇ ಕೇಳಿದ್ದಿದ್ರೆ ನೀವು ಸುಳ್ಳು ಹೇಳ್ತಿದ್ರಿ." ಹೌದು, ಹೇಳುತ್ತಿದ್ದೆ. ತಯಾರಿಟ್ಟುಕೊಂಡಿದ್ದೆ ಕೂಡ.

ಎರಡು ದಿನದ ಮೇಲೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಪರವಾನಗಿ ಪುಸ್ತಕ, ಮರಣಪತ್ರ, ನಾಲ್ಕು ತೋಟಾ ಹಿಡಿದು ಕಾರಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋದೆ. ಅಂಗಡಿಯ ಹುಡುಗ ಹೊಸಬ. ಹಿಂದೆ ಗೋಡೆಗೆ ಒರಗಿಸಿದ ಕೋವಿಗಳ ಸಾಲು, ಪ್ರತಿಯೊಂದರ ಕೊರಳಲ್ಲೂ ಒಂದು ಚೀಟಿ; ನನ್ನಂಥವರ ಮನೆಗಳಿಂದ ಬಂದವು. ಅವನು ನಳಿಗೆ ಬಿಚ್ಚಲಿಲ್ಲ, ಮಗುಚಿ ನೋಡಲಿಲ್ಲ. ಪರವಾನಗಿ ಸಂಖ್ಯೆ ಇಳಿಸಿಕೊಂಡು, ರಸೀದಿ ಬರೆದು ಹರಿದು ಕೊಟ್ಟ. ಒಂದು ಜೋಡಿ ನಳಿಗೆ ಕೋವಿ, 12 ಬೋರ್, ತೋಟಾ 4.

"ಇದು ಹದಿನಾರು" ಎಂದೆ.

"ಯಾವುದಾದ್ರೇನು ಸಾರ್, ಇಲ್ಲೇ ಇರೋದಲ್ವಾ."

"ಹದಿನಾರು ಅಂತ ಬರೀರಿ."

ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು. ನಾನು ನಳಿಗೆ ಬಿಚ್ಚಿ, ಮಗುಚಿ, ವಜ್ರಾಕೃತಿಯೊಳಗಿನ ಅಂಕಿಯನ್ನು ಅವನ ಕಣ್ಣಿಗೆ ಹಿಡಿದೆ. ಹುಡುಗ ಬಗ್ಗಿ ನೋಡಿದ, ಬೆರಳಿನಿಂದ ಒಮ್ಮೆ ಸವರಿದ. ರಸೀದಿಯನ್ನೂ ಅದರ ನಕಲನ್ನೂ ವಾಪಸು ತೆಗೆದುಕೊಂಡು 12 ಅನ್ನು ಹೊಡೆದು ಮೇಲೆ 16 ಎಂದು ಬರೆದ. ಕೊಡಲು ಕೈ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ.

"ತಿದ್ದಿದ ಕಡೆ ಒಂದು ಸಹಿ ಹಾಕ್ಬಿಡಿ" ಎಂದೆ. ಹಾಕಿದ.